ಶನಿವಾರ ಹಾಸನದಲ್ಲಿ ಮೊದಲ ಕೌನ್ಸೆಲಿಂಗ್, ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದೇವೆ. ಒಳಗೆ ಏನು ನಡೆಯುತ್ತದೆ?

ಬೇಲೂರು ರಸ್ತೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಬೇಲೂರು ತಾಲ್ಲೂಕಿನ ಹಳ್ಳಿ. ಮದುವೆಯಾಗಿ ಒಂಬತ್ತು ವರ್ಷ, ಒಬ್ಬಳು ಮಗಳು. ಇತ್ತೀಚೆಗೆ ನನಗೂ ಯಜಮಾನರಿಗೂ ಮಾತು ಎಂದರೆ ಜಗಳ, ಜಗಳ ಇಲ್ಲದಿದ್ದರೆ ಮಾತೇ ಇಲ್ಲ. ಹೊಡೆತವಿಲ್ಲ, ಕುಡಿತವಿಲ್ಲ. ಎರಡೂ ಕಡೆಯ ಹಿರಿಯರು ಕೂತು ಬುದ್ಧಿ ಹೇಳಿಯಾಯಿತು. ನಾಲ್ಕು ದಿನ ನೆಟ್ಟಗಿದ್ದು ಮತ್ತೆ ಅದೇ ರಾಗ, ಅದೇ ಹಾಡು.

ಹಾಸನದಲ್ಲಿ ಖಾಸಗಿಯಾಗಿ ನೋಡುವ ಒಬ್ಬ ಮನಶ್ಶಾಸ್ತ್ರಜ್ಞರ ಬಳಿ ಶನಿವಾರಕ್ಕೆ ಸಮಯ ತೆಗೆದುಕೊಂಡಿದ್ದೇನೆ. ಯಜಮಾನರು "ಒಂದು ಸಲ ಬರುತ್ತೇನೆ, ಎರಡನೇ ಸಲಕ್ಕೆ ಕರೆಯಬೇಡ" ಎಂಬ ಷರತ್ತಿನ ಮೇಲೆ ಒಪ್ಪಿದ್ದಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೋ ಬೇರೆ ಬೇರೆಯೋ? ನಾವು ಹೇಳಿದ್ದನ್ನು ಬರೆದುಕೊಂಡು ಯಾರಿಗಾದರೂ ತೋರಿಸುತ್ತಾರೆಯೇ? ಮಾತ್ರೆ ಕೊಡುತ್ತಾರೆಯೇ? ಹೋಗಿ ಬಂದವರು ದಯವಿಟ್ಟು ಹೇಳಿ. "ಹೊಂದಿಕೊಂಡು ಹೋಗಿ" ಎನ್ನುವವರು ಹೇಳುವುದು ಬೇಡ, ಅದನ್ನು ಕೇಳಿ ಕೇಳಿ ಸಾಕಾಗಿದೆ.

ಆಲೂರಿನವ ಬರೆದದ್ದು:

ತಪ್ಪು ತಿಳಿಯಬೇಡಿ ತಂಗಿ. ಗೊತ್ತಿಲ್ಲದವರ ಮುಂದೆ ಮನೆಯ ಗುಟ್ಟು ಬಿಚ್ಚಿಟ್ಟು, ಮೇಲೆ ಹಣವನ್ನೂ ಕೊಟ್ಟು ಬರುವುದು ಯಾವ ಜಾಣತನ? ನಮ್ಮ ತಂದೆ ತಾಯಿ ಜಗಳವಾಡಲಿಲ್ಲವೇ? ಧರ್ಮಸ್ಥಳಕ್ಕೆ ಹೋಗಿ ಬನ್ನಿ, ಮನಸ್ಸು ತಿಳಿಯಾಗುತ್ತದೆ.

ರೊಬಸ್ಟಾ (ಸಕಲೇಶಪುರ) ಬರೆದದ್ದು:

ಆಲೂರಿನವರೇ, ಧರ್ಮಸ್ಥಳಕ್ಕೂ ಹೋಗಲಿ, ಹಾಸನಕ್ಕೂ ಹೋಗಲಿ. ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಮೇಡಂ, ನಾನು ನಿಮ್ಮ ಯಜಮಾನರ ಜಾಗದಲ್ಲಿ ಕೂತು ಬಂದವನು. ಹೆಂಡತಿ ಮೊದಲೇ ಎಲ್ಲ ಹೇಳಿಟ್ಟಿರುತ್ತಾಳೆ, ಒಳಗೆ ಹೋದ ಕೂಡಲೇ ನನ್ನ ವಿಚಾರಣೆ ನಡೆಯುತ್ತದೆ ಎಂದುಕೊಂಡೇ ಹೋಗಿದ್ದೆ. ಅಲ್ಲಿ ನಡೆದದ್ದೇ ಬೇರೆ. ಕೌನ್ಸೆಲಿಂಗ್ ಮಾಡುವಾಕೆ ಒಂದು ಬಿಳಿ ಹಾಳೆ ತೆಗೆದು ನಮ್ಮ ಮನೆತನದ ನಕ್ಷೆ ಬರೆಯಲು ಶುರು ಮಾಡಿದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಮದುವೆಗೆ ಒಂದು ಗೆರೆ, ಮಕ್ಕಳಿಗೆ ಕೆಳಗಿಳಿಯುವ ಗೆರೆ. ಅಜ್ಜನ ಕಾಲದಿಂದ ಇಲ್ಲಿಯವರೆಗೆ ಯಾರು ಯಾರಿಗೆ ಹತ್ತಿರ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂದು ಕೇಳುತ್ತಾ ಹೋದರು. ಮನಸ್ತಾಪ ಇದ್ದಲ್ಲಿ ಅಂಕುಡೊಂಕು ಗೆರೆ ಎಳೆದರು, ಸಂಬಂಧವೇ ಕಡಿದುಹೋದಲ್ಲಿ ಗೆರೆಯನ್ನು ನಡುವೆ ತುಂಡು ಮಾಡಿದರು.

ತೋಟ ಭಾಗವಾದಾಗ ನನ್ನ ತಂದೆಗೂ ಚಿಕ್ಕಪ್ಪನಿಗೂ ಕಡಿದದ್ದು, ಅಜ್ಜನಿಗೂ ಅವರ ಅಣ್ಣನಿಗೂ ಕಡಿದದ್ದು, ನನಗೂ ತಮ್ಮನಿಗೂ ಇರುವ ಅಂಕುಡೊಂಕು, ಎಲ್ಲವೂ ಒಂದರ ಕೆಳಗೊಂದು ಸಾಲಾಗಿ ಕೂತವು. ಆಕೆ ಏನೂ ಹೇಳಲಿಲ್ಲ, ಹಾಳೆಯನ್ನು ನಮ್ಮ ಕಡೆ ತಿರುಗಿಸಿಟ್ಟರು ಅಷ್ಟೇ. ನನ್ನ ಹೆಂಡತಿ ಅದನ್ನು ನೋಡಿ, "ನಿಮ್ಮ ಮನೆಯಲ್ಲಿ ಸಿಟ್ಟು ಬಂದರೆ ಮಾತು ಬಿಡುವುದೇ ಪದ್ಧತಿ. ನಮ್ಮ ಮನೆಯಲ್ಲಿ ಕೂಗಾಡಿ ಮುಗಿಸುತ್ತಾರೆ" ಎಂದಳು. ಅಲ್ಲಿಂದ ಮುಂದೆ ಮಾತು ಬೇರೆ ದಾರಿ ಹಿಡಿಯಿತು.

ಒಂದೇ ಒಂದು ಸಲಹೆ. ಕಾಫಿ ಕೊಯ್ಲಿನ ಕಾಲದಲ್ಲಿ ಶುರು ಮಾಡಬೇಡಿ. ಡಿಸೆಂಬರ್‌ನಿಂದ ಹಣ್ಣು ಕೊಯ್ಯುವುದು, ಕಣ ನೋಡುವುದು, ಆಳಿನ ಲೆಕ್ಕ ಎಂದು ಎರಡು ಭೇಟಿ ತಪ್ಪಿದರೆ ಮೂರನೆಯದಕ್ಕೆ ಹೋಗುವ ಮನಸ್ಸು ಯಾವ ಗಂಡಸಿಗೂ ಉಳಿಯುವುದಿಲ್ಲ.

ಸಾಲಗಾಮೆ ರಸ್ತೆ ಬರೆದದ್ದು:

ನಾನು ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ಹೆಸರು, ಕ್ಲಿನಿಕ್ ಯಾವುದನ್ನೂ ಹೇಳುವುದಿಲ್ಲ, ಹೇಳಿದರೆ ಜಾಹೀರಾತಾಗುತ್ತದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬೇಲೂರಿನ ಅಕ್ಕ, ಮೊದಲ ಭೇಟಿಯಲ್ಲಿ ಹೆಚ್ಚಾಗಿ ಚಿಕಿತ್ಸೆ ನಡೆಯುವುದಿಲ್ಲ. ಅದು ವಿಷಯ ತಿಳಿದುಕೊಳ್ಳುವ ಭೇಟಿ. ಸಾಮಾನ್ಯವಾಗಿ 45ರಿಂದ 60 ನಿಮಿಷ, ದಂಪತಿಗಳಿಗಾದರೆ ಕೆಲವರು ಒಂದೂವರೆ ಗಂಟೆಯವರೆಗೆ ಇಟ್ಟುಕೊಳ್ಳುತ್ತಾರೆ. ಹೋದ ಕೂಡಲೇ ಒಂದು ಅರ್ಜಿ ತುಂಬಿಸುತ್ತಾರೆ. ವಯಸ್ಸು, ಕೆಲಸ, ಈಗ ತೆಗೆದುಕೊಳ್ಳುತ್ತಿರುವ ಔಷಧಿ, ತುರ್ತಿಗೆ ಯಾರಿಗೆ ಕರೆ ಮಾಡಬೇಕು, ಇಂಥವು. ಥೈರಾಯ್ಡ್ ಇದೆಯೇ ಎಂದು ಕೇಳಿದರೆ ಇದೇನು ಅಸಂಬದ್ಧ ಪ್ರಶ್ನೆ ಎಂದುಕೊಳ್ಳಬೇಡಿ. ಥೈರಾಯ್ಡ್ ಏರುಪೇರಾದರೂ ಮನಸ್ಸು ಕುಗ್ಗುತ್ತದೆ, ಸಿಡುಕು ಬರುತ್ತದೆ.

ಜೊತೆಗೆ ಒಪ್ಪಿಗೆ ಪತ್ರ ಕೊಡುತ್ತಾರೆ. ಶುಲ್ಕ ಎಷ್ಟು, ಭೇಟಿ ರದ್ದು ಮಾಡುವುದಾದರೆ ಎಷ್ಟು ಮುಂಚೆ ತಿಳಿಸಬೇಕು, ಗುಟ್ಟು ಕಾಪಾಡುವ ನಿಯಮವೇನು, ಎಲ್ಲ ಅದರಲ್ಲಿ ಇರಬೇಕು. ಓದದೆ ಸಹಿ ಮಾಡಬೇಡಿ. ಕನ್ನಡದಲ್ಲಿ ಇಲ್ಲದಿದ್ದರೆ ಓದಿ ಹೇಳಿ ಎಂದು ಕೇಳಿ, ಸಂಕೋಚ ಬೇಡ. ಕೆಲವರು ಪ್ರಶ್ನಾವಳಿಯನ್ನೂ ಕೊಡುತ್ತಾರೆ. ಹೆಚ್ಚಾಗಿ ಬಳಕೆಯಲ್ಲಿರುವುದು ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ನಿದ್ದೆ, ಹಸಿವು, ಆಯಾಸ, ಬದುಕಿನಲ್ಲಿ ಆಸಕ್ತಿ ಇವನ್ನು ಕೇಳುತ್ತದೆ. ಅಂಕ ಹೆಚ್ಚು ಬಂದ ಮಾತ್ರಕ್ಕೆ ಕಾಯಿಲೆ ಎಂದು ಯಾರೂ ಬರೆದುಬಿಡುವುದಿಲ್ಲ.

ಗುಟ್ಟಿನ ವಿಚಾರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರ ಮಾಹಿತಿಯನ್ನು ಗೋಪ್ಯವಾಗಿಡುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹೊರಿಸುತ್ತದೆ. ಕಾಯಿಲೆಯೇನೂ ಇಲ್ಲದೆ ಬರುವ ದಂಪತಿಗಳಿಗೂ ನಮ್ಮ ವೃತ್ತಿಧರ್ಮ ಅದನ್ನೇ ಹೇಳುತ್ತದೆ. ನಿಮ್ಮ ಅತ್ತೆ ಫೋನ್ ಮಾಡಿ "ನನ್ನ ಸೊಸೆ ಏನು ಹೇಳಿದಳು" ಎಂದರೆ ನಾವು ಬಾಯಿ ಬಿಡುವಂತಿಲ್ಲ. ಆದರೆ ಇದಕ್ಕೆ ಮಿತಿಗಳಿವೆ. ಪ್ರಾಣಾಪಾಯ ಎದುರಿದ್ದರೆ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ, ನ್ಯಾಯಾಲಯ ಆದೇಶಿಸಿದರೆ ಹೇಳಬೇಕಾಗುತ್ತದೆ. ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ನಾವು ವರದಿ ಮಾಡಲೇಬೇಕು. ಒಳ್ಳೆಯ ಚಿಕಿತ್ಸಕರು ಇದನ್ನೆಲ್ಲ ಮೊದಲ ಹತ್ತು ನಿಮಿಷದಲ್ಲೇ ತಾವಾಗಿ ಹೇಳುತ್ತಾರೆ. ಹೇಳದಿದ್ದರೆ ನೀವೇ ಕೇಳಿ.

ದಂಪತಿಗಳ ವಿಷಯದಲ್ಲಿ ಅನೇಕರು ಅನುಸರಿಸುವ ಕ್ರಮ ಇದು: ಮೊದಲು ಇಬ್ಬರನ್ನೂ ಒಟ್ಟಿಗೆ, ಆಮೇಲೆ ಒಬ್ಬೊಬ್ಬರನ್ನೇ ಒಂದೊಂದು ಸಲ, ಮತ್ತೆ ಇಬ್ಬರನ್ನೂ ಕೂರಿಸಿ ಮುಂದಿನ ದಾರಿ ಮಾತನಾಡುವುದು. ಒಂಟಿಯಾಗಿ ಹೇಳಿದ್ದನ್ನು ಸಂಗಾತಿಗೆ ಹೇಳುತ್ತಾರೋ ಇಲ್ಲವೋ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ನಿಯಮ. ಕೆಲವರು ಯಾವ ಗುಟ್ಟನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಮೊದಲೇ ಹೇಳುತ್ತಾರೆ. ನಿಮ್ಮವರ ನಿಯಮ ಏನೆಂದು ತಿಳಿಯದೆ ಒಂಟಿ ಭೇಟಿಯಲ್ಲಿ ಬಾಯಿ ಬಿಡಬೇಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಕಡೆಯ ಜನ ಇದನ್ನು ಪಂಚಾಯಿತಿ ಕಟ್ಟೆ ಎಂದುಕೊಂಡು ಬರುತ್ತಾರೆ. ತಮ್ಮ ತಮ್ಮ ಸಾಕ್ಷ್ಯಗಳನ್ನು ಹೊತ್ತು ತರುತ್ತಾರೆ. ವಾಟ್ಸ್‌ಆ್ಯಪ್ ಸಂದೇಶದ ಚಿತ್ರ, ಯಾವುದೋ ಗೃಹಪ್ರವೇಶದಲ್ಲಿ ಯಾರೋ ಆಡಿದ ಮಾತು, ಒಡವೆಯ ಲೆಕ್ಕ. ನಾನು ಎರಡೂ ಕಡೆ ಕೇಳಿ ತೀರ್ಪು ಕೊಡಬೇಕು, ತಪ್ಪಿತಸ್ಥರಿಗೆ ದಂಡ ಹಾಕಬೇಕು ಎಂಬ ನಿರೀಕ್ಷೆ. ತೀರ್ಪು ಬರುವುದಿಲ್ಲ ಎಂದು ತಿಳಿದಾಗ "ಇದಕ್ಕೆ ಇಷ್ಟು ದುಡ್ಡೇ" ಎಂದು ಸಿಟ್ಟಾಗುತ್ತಾರೆ. ಯಾರು ಸರಿ ಎಂಬುದು ನಮ್ಮ ಕೆಲಸವೇ ಅಲ್ಲ. ಜಗಳ ಹೇಗೆ ಶುರುವಾಗುತ್ತದೆ, ಯಾವ ಮಾತಿಗೆ ಯಾರು ಕೆರಳುತ್ತಾರೆ, ಯಾರು ಎದ್ದು ಹೋಗುತ್ತಾರೆ ಎಂಬುದನ್ನು ನಾವು ನೋಡುತ್ತೇವೆ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರ ಪ್ರಕಾರ ಗಂಡ ಹೆಂಡಿರ ಭಿನ್ನಾಭಿಪ್ರಾಯಗಳಲ್ಲಿ ಶೇಕಡ 69ರಷ್ಟು ಎಂದಿಗೂ ಪೂರ್ತಿ ಬಗೆಹರಿಯುವಂಥವಲ್ಲ. ಚೆನ್ನಾಗಿರುವ ಸಂಸಾರಗಳಲ್ಲೂ ಅವು ಇರುತ್ತವೆ. ಸಂಸಾರವನ್ನು ಕೆಡಿಸುವ ನಾಲ್ಕು ನಡವಳಿಕೆಗಳನ್ನು ಅವರು ಗುರುತಿಸಿದ್ದಾರೆ: ವ್ಯಕ್ತಿತ್ವವನ್ನೇ ದೂರುವುದು, ತಿರಸ್ಕಾರ, ಎಲ್ಲಕ್ಕೂ ಸಮರ್ಥನೆ ಕೊಡುವುದು, ಕಲ್ಲಿನಂತೆ ಮೌನವಾಗಿಬಿಡುವುದು. ಇವುಗಳಲ್ಲಿ ತಿರಸ್ಕಾರ ಎಲ್ಲಕ್ಕಿಂತ ಅಪಾಯಕಾರಿ. "ನೀನು ಹಾಲು ತರುವುದು ಮರೆತೆ" ಎನ್ನುವುದಕ್ಕೂ "ನಿನ್ನ ವಂಶಕ್ಕೇ ಜವಾಬ್ದಾರಿ ಇಲ್ಲ" ಎನ್ನುವುದಕ್ಕೂ ಇರುವ ದೂರವನ್ನು ನಾವು ಅಲ್ಲೇ, ಆ ಮಾತು ಬಂದ ಕ್ಷಣದಲ್ಲೇ ತಡೆದು ತೋರಿಸುತ್ತೇವೆ.

ಮಾತ್ರೆ ಬರೆದುಕೊಡುವುದು ಮನೋವೈದ್ಯರ ಕೆಲಸ. ಅವರು ವೈದ್ಯ ಪದವಿಯ ಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಆಸ್ಪತ್ರೆಯ ತರಬೇತಿ ಮುಗಿಸಿ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ನೋಂದಣಿ ಸಂಖ್ಯೆ ಕೇಳಿದರೆ ಅವರಿಗೆ ಬೇಸರವಾಗಬಾರದು. ಆದರೆ "ಕೌನ್ಸೆಲರ್" ಎಂಬ ಬೋರ್ಡನ್ನು ಒಂದು ವಾರದ ಕೋರ್ಸ್ ಮಾಡಿದವರೂ ಹಾಕಿಕೊಳ್ಳುತ್ತಾರೆ. ಏನು ಓದಿದ್ದೀರಿ, ಎಲ್ಲಿ ತರಬೇತಿ, ದಂಪತಿಗಳೊಡನೆ ಕೆಲಸ ಮಾಡಿದ್ದೀರಾ ಎಂದು ಫೋನಿನಲ್ಲೇ ಕೇಳಿಬಿಡಿ. ಜಾತಕ ತನ್ನಿ ಎನ್ನುವವರು, ಇಷ್ಟು ವಾರದಲ್ಲಿ ಸರಿ ಮಾಡಿಕೊಡುತ್ತೇನೆ ಎಂದು ಖಾತರಿ ಕೊಡುವವರು, ಹರಳಿನ ಉಂಗುರ ಮಾರುವವರು ಕಂಡರೆ ಎದ್ದು ಬನ್ನಿ.

ನಿವೃತ್ತ ಮೇಷ್ಟ್ರು (ಚಿಕ್ಕಮಗಳೂರು) ಬರೆದದ್ದು:

ದಂಪತಿಗಳ ವಿಷಯ ನನಗೆ ತಿಳಿಯದು, ಒಂಟಿಯಾಗಿ ಹೋದವರ ಅನುಭವವೂ ಇಲ್ಲಿ ಇರಲಿ.

ನಿವೃತ್ತಿಯಾದ ಮೇಲೆ ನನಗೆ ಇದ್ದಕ್ಕಿದ್ದಂತೆ ಎದೆ ಬಡಿತ ಏರಿ, ಬೆವರಿ, ಈಗಲೇ ಪ್ರಾಣ ಹೋಯಿತು ಎನ್ನಿಸುತ್ತಿತ್ತು. ಇಸಿಜಿ, ಎಕೋ ಎಲ್ಲ ಸರಿ ಇದ್ದವು. ಹೃದಯದ ವೈದ್ಯರೇ ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದರು. ಬಾಲ್ಯದಿಂದ ಕೆದಕುತ್ತಾರೆ, ಅಳಿಸುತ್ತಾರೆ ಎಂದುಕೊಂಡಿದ್ದೆ. ಆ ಹುಡುಗ, ನನ್ನ ವಿದ್ಯಾರ್ಥಿಯಾಗಿರಬಹುದಾದ ವಯಸ್ಸಿನವನು, "ಸರ್, ಎದ್ದು ನಿಂತು ಈ ಮೆಟ್ಟಿಲನ್ನು ಬೇಗ ಬೇಗ ಹತ್ತಿ ಇಳಿಯಿರಿ" ಎಂದ. ಹೃದಯ ಪರೀಕ್ಷೆಯ ವರದಿ ನೋಡಿಯೇ ಹೇಳಿದ್ದ, ಅದನ್ನು ಮೊದಲು ಹೇಳಿಬಿಡುತ್ತೇನೆ. ಎದೆ ಹೊಡೆದುಕೊಳ್ಳತೊಡಗಿತು. "ಈಗ ಕುರ್ಚಿ ಹಿಡಿಯಬೇಡಿ, ನೀರು ಕುಡಿಯಬೇಡಿ, ಸುಮ್ಮನೆ ನಿಂತು ಗಮನಿಸಿ" ಎಂದ. ಕೆಲವು ನಿಮಿಷಗಳಲ್ಲಿ ತಾನೇ ಇಳಿಯಿತು. ಬಡಿತಕ್ಕೆ ಹೆದರುವುದರಿಂದಲೇ ಬಡಿತ ಏರುತ್ತದೆ, ಹೆದರದೆ ನಿಂತರೆ ಅದು ತಾನಾಗಿ ಇಳಿಯುತ್ತದೆ ಎಂಬುದನ್ನು ಬಾಯಲ್ಲಿ ಹೇಳುವ ಬದಲು ಮೈಗೆ ಕಲಿಸಿದ.

ಬಸ್ ಹತ್ತುವುದನ್ನೇ ಬಿಟ್ಟಿದ್ದೆ, ಅದರಲ್ಲೂ ಚಾರ್ಮಾಡಿ ಘಾಟಿ ಎಂದರೆ ಕೈಕಾಲು ತಣ್ಣಗಾಗುತ್ತಿತ್ತು. ಅದಕ್ಕೆ ಪಟ್ಟಿ ಮಾಡಿಸಿದ. ಮೊದಲು ಆಲ್ದೂರಿನವರೆಗೆ, ಆಮೇಲೆ ಮೂಡಿಗೆರೆ, ಆಮೇಲೆ ಕೊಟ್ಟಿಗೆಹಾರ. ಭಯ ಎಷ್ಟಿತ್ತು ಎಂದು ಸೊನ್ನೆಯಿಂದ ನೂರರೊಳಗೆ ಅಂಕ ಹಾಕಿ ಪುಸ್ತಕದಲ್ಲಿ ಬರೆಯಬೇಕು. ಮೂವತ್ತು ವರ್ಷ ಮಕ್ಕಳಿಗೆ ಮನೆಗೆಲಸ ಕೊಟ್ಟವನಿಗೆ ಮನೆಗೆಲಸ ಕೊಟ್ಟ! ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿನ್ನುವುದು ಪಟ್ಟಿಯಲ್ಲಿ ಇರಲಿಲ್ಲ, ನಾನೇ ಸೇರಿಸಿಕೊಂಡೆ. ಘಾಟಿ ಇಳಿದು ಉಜಿರೆ ಸೇರಿದ ದಿನ ಅಂಕ ಇಪ್ಪತ್ತು ದಾಟಿರಲಿಲ್ಲ.

ಸಾಲಗಾಮೆ ರಸ್ತೆ ಬರೆದದ್ದು:

ಮೇಷ್ಟ್ರೇ, ನಿಮ್ಮದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಲು ಕಲಿಸುವ ಪದ್ಧತಿ. ಆತಂಕ, ಖಿನ್ನತೆಗಳಿಗೆ ಸಾಮಾನ್ಯವಾಗಿ 12ರಿಂದ 20 ಭೇಟಿಗಳ ಲೆಕ್ಕ ಇಟ್ಟುಕೊಳ್ಳುತ್ತಾರೆ. ಇಂಥ ಕಸರತ್ತನ್ನು ಯಾರೂ ಓದಿ ತಾವಾಗಿ ಮಾಡಿಕೊಳ್ಳಬೇಡಿ, ಎದೆನೋವು ಬಂದರೆ ಮೊದಲು ಹೃದಯದ ಪರೀಕ್ಷೆ.

ಬೇಲೂರು ರಸ್ತೆ ಬರೆದದ್ದು:

ಎಲ್ಲರಿಗೂ ಧನ್ಯವಾದ. ಸಾಲಗಾಮೆ ಮೇಡಂ ಬರೆದದ್ದನ್ನು ಯಜಮಾನರಿಗೂ ಓದಲು ಕೊಟ್ಟೆ. ಪಂಚಾಯಿತಿಯ ಮಾತಿನ ಹತ್ತಿರ ನಕ್ಕರು. ಇನ್ನೊಂದು ಅಳುಕು. ಹಾಸನದಲ್ಲಿ ನಮ್ಮವರು ಬೀದಿಗೊಬ್ಬರು ಇದ್ದಾರೆ. ಒಳಗೆ ಹೋಗುವಾಗ ಯಾರಾದರೂ ಕಂಡರೆ?

ಕಡೂರು ಜಂಕ್ಷನ್ ಬರೆದದ್ದು:

ಕಾಣುತ್ತಾರೆ ಅಕ್ಕ. ನಮ್ಮ ಊರುಗಳಲ್ಲಿ ಸ್ಕೂಟರ್ ಎಲ್ಲಿ ನಿಂತಿದೆ ಎಂಬುದರಿಂದಲೇ ಕಥೆ ಹುಟ್ಟುತ್ತದೆ. ಅದೇ ಕಟ್ಟಡದಲ್ಲಿ ರಕ್ತ ಪರೀಕ್ಷೆಯ ಪ್ರಯೋಗಾಲಯವೋ ಹಲ್ಲಿನ ವೈದ್ಯರೋ ಇದ್ದರೆ ಸಲೀಸು. ಭೇಟಿಗಳ ನಡುವೆ ಹದಿನೈದು ನಿಮಿಷ ಬಿಡುವವರಾದರೆ ಕಾಯುವ ಕೋಣೆಯಲ್ಲಿ ಯಾರೂ ಎದುರಾಗುವುದಿಲ್ಲ, ಸಮಯ ಕೇಳುವಾಗಲೇ ವಿಚಾರಿಸಿ. ನಿಮ್ಮ ಬಂಧುಗಳಿಗೋ ಸ್ನೇಹಿತರಿಗೋ ಹತ್ತಿರದವರಾದ ಚಿಕಿತ್ಸಕರ ಬಳಿ ಮಾತ್ರ ಹೋಗಬೇಡಿ, ಚಿಕ್ಕ ಊರಿನಲ್ಲಿ ಇದು ಸುಲಭವಾಗಿ ಆಗಿಬಿಡುತ್ತದೆ.

ನಾನು ಇದೇ ಅಳುಕಿಗೆ ಬೆಂಗಳೂರಿನವರೊಬ್ಬರ ಬಳಿ ಆನ್‌ಲೈನ್‌ನಲ್ಲಿ ಮಾತನಾಡುತ್ತೇನೆ. ಒಂದು ಸಲಕ್ಕೆ 1,500 ರೂಪಾಯಿ. ಹಾಸನದಲ್ಲಿ ನನ್ನ ಗೆಳತಿ ಕೊಡುವುದು 800. ಹಿಂದಿನ ದಿನದೊಳಗೆ ತಿಳಿಸದೆ ತಪ್ಪಿಸಿದರೆ ಪೂರ್ತಿ ಶುಲ್ಕ. ಆನ್‌ಲೈನ್ ಬೇಕೆನ್ನುವವರಿಗೆ ಎರಡು ತೊಡಕು: ತೋಟದ ಕಡೆ ಸಿಗ್ನಲ್ ಸಿಗುವುದು ಗುಡ್ಡದ ತುದಿಯಲ್ಲಿ, ಮನೆಯಲ್ಲಿ ಸಿಕ್ಕರೂ ಗೋಡೆಯ ಆಚೆ ಅತ್ತೆಯವರು. ಕಾರು ನಿಲ್ಲಿಸಿಕೊಂಡು ಒಳಗೆ ಕೂತು ಮಾತನಾಡುವವರೇ ಹೆಚ್ಚು. ದಂಪತಿಗಳಿಗೆ ಮಾತ್ರ ಎದುರು ಕೂತರೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಫೋನಿನಲ್ಲಿ ಸಿಟ್ಟು ಬಂದರೆ ಕೆಂಪು ಗುಂಡಿ ಒತ್ತಿ ಎದ್ದು ಹೋಗುವುದು ಬಹಳ ಸುಲಭ.

ಮಳೆಗಾಲ ಬರೆದದ್ದು:

ಬೇಲೂರಿನವರಿಗೆ ಇದು ಅನ್ವಯಿಸುವುದಿಲ್ಲ, ಓದುವ ಬೇರೆಯವರಿಗೆ ಬರೆಯುತ್ತಿದ್ದೇನೆ. ಮನೆಯಲ್ಲಿ ಹೊಡೆತವಿದ್ದರೆ, ಗಂಡನಿಗೆ ಹೆದರಿ ಬದುಕುತ್ತಿದ್ದರೆ ಇಬ್ಬರೂ ಒಟ್ಟಿಗೆ ಕೌನ್ಸೆಲಿಂಗ್‌ಗೆ ಹೋಗುವುದು ಬೇಡ. ಒಳಗೆ ಆಡಿದ ಮಾತಿಗೆ ರಾತ್ರಿ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ತಿಳಿವಳಿಕೆಯುಳ್ಳ ಚಿಕಿತ್ಸಕರು ಅಂಥ ಸಂದರ್ಭದಲ್ಲಿ ಜೋಡಿ ಭೇಟಿಯನ್ನು ನಿಲ್ಲಿಸುತ್ತಾರೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು, ನೊಂದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರಗಳೂ ಸಖಿ ಕೇಂದ್ರಗಳೂ ಇವೆ.

ಕುಡಿತ ಇದ್ದರೂ ಅಷ್ಟೇ, ಮೊದಲು ಅದಕ್ಕೆ ಚಿಕಿತ್ಸೆ. ಆದರೆ ದಿನವೂ ಹೆಚ್ಚು ಕುಡಿಯುವವರನ್ನು ಆಣೆ ಹಾಕಿಸಿ ಏಕಾಏಕಿ ಬಿಡಿಸಬೇಡಿ. ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಬೇಕು.

ಬೇಲೂರು ರಸ್ತೆ ಬರೆದದ್ದು:

ಹೋಗಿ ಬಂದೆವು. ಕೇಳಿದವರಿಗಾಗಿ ಬರೆಯುತ್ತಿದ್ದೇನೆ.

ಒಟ್ಟಿಗೇ ಕೂರಿಸಿದರು. ಅರ್ಜಿ, ಒಪ್ಪಿಗೆ ಪತ್ರ ಎಲ್ಲ ಮೇಡಂ ಹೇಳಿದ ಹಾಗೆಯೇ. ಸಂಸಾರದಲ್ಲಿ ಈಗಲೂ ಚೆನ್ನಾಗಿರುವುದು ಏನು ಎಂದು ಕೇಳಿದರು. ಆ ಪ್ರಶ್ನೆ ನಾವಿಬ್ಬರೂ ನಿರೀಕ್ಷಿಸಿರಲಿಲ್ಲ, ಇಬ್ಬರೂ ಮಗಳ ಹೆಸರನ್ನೇ ಹೇಳಿದೆವು.

ಆಮೇಲೆ ಒಂದು ಅಭ್ಯಾಸ. ನಾನು ಎರಡು ವಾಕ್ಯ ಹೇಳಬೇಕು, ಯಜಮಾನರು ಉತ್ತರ ಕೊಡದೆ ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ನಾನು, "ಸಂಜೆ ನೀವು ಬಂದ ಕೂಡಲೇ ಹಿತ್ತಿಲಿಗೆ ಹೋಗಿ ಫೋನಿನಲ್ಲಿ ಮಾತನಾಡುತ್ತೀರಿ. ನಾನು ಮನೆಯಲ್ಲಿ ಇದ್ದೇನೋ ಇಲ್ಲವೋ ಎಂಬುದೇ ನಿಮಗೆ ಬೇಡ ಎನ್ನಿಸುತ್ತದೆ" ಎಂದೆ. ಅವರು, "ಶುಂಠಿ ವ್ಯಾಪಾರಿಗಳು ಸಂಜೆಯೇ ಫೋನ್ ಮಾಡುವುದು" ಎಂದರು. "ಅದು ಉತ್ತರ. ಅವರು ಏನು ಹೇಳಿದರು?" ಎಂದು ಮನಶ್ಶಾಸ್ತ್ರಜ್ಞರು ಕೇಳಿದರು. "ನಾನು ಫೋನಿನಲ್ಲಿ ಇರುತ್ತೇನೆ ಎಂದಳು." "ಇನ್ನೊಂದು ವಾಕ್ಯ ಇತ್ತು." ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ಅವಳು ಇರುವುದು ನನಗೆ ಲೆಕ್ಕಕ್ಕಿಲ್ಲ ಎಂದು ಅವಳಿಗೆ ಅನ್ನಿಸುತ್ತದೆಯಂತೆ" ಎಂದರು. ಆಮೇಲೆ ಅವರ ಸರದಿ. ತಿರುಗಿ ಹೇಳುವುದು ನನಗೂ ಸುಲಭವಾಗಲಿಲ್ಲ.

ಬರುವ ದಾರಿಯಲ್ಲಿ ಇಬ್ಬರಿಗೂ ತಲೆ ಸಿಡಿತ, ಸಂಜೆ ಅಡುಗೆಗೂ ಮನಸ್ಸಿರಲಿಲ್ಲ. ಎರಡನೇ ಸಲದ ಮಾತನ್ನು ನಾನಾಗಿ ಎತ್ತಲಿಲ್ಲ. ಮುಂದಿನ ಶನಿವಾರ ಸಂತೆಗೆ ಹೋಗಬೇಕು, ಭಾನುವಾರ ಸಿಗುತ್ತಾರೆಯೇ ಕೇಳು ಎಂದು ಅವರೇ ಹೇಳಿದರು.

ಸಾಲಗಾಮೆ ರಸ್ತೆ ಬರೆದದ್ದು:

ಮೊದಮೊದಲು ಹೋಗಿ ಬಂದ ದಿನ ಭಾರವಾಗಿರುವುದು ಸಹಜ. ಆ ರಾತ್ರಿ ಒಳಗೆ ಆಡಿದ ಮಾತನ್ನು ಮನೆಯಲ್ಲಿ ಮತ್ತೆ ಎತ್ತಬೇಡಿ. ನಾಲ್ಕೈದು ಭೇಟಿಯಾದ ಮೇಲೆ "ನಾವು ಎಲ್ಲಿಗೆ ಬಂದಿದ್ದೇವೆ" ಎಂದು ಅವರನ್ನೇ ಕೇಳಿ. ಹೊಂದಿಕೆಯಾಗದಿದ್ದರೆ ಬೇರೆಯವರ ಬಳಿ ಹೋಗಬಹುದು, ಅದು ಅವಮಾನವಲ್ಲ, ನಮಗೂ ಅಭ್ಯಾಸವಿದೆ.

ಆಲೂರಿನವ ಬರೆದದ್ದು:

ಎಲ್ಲ ಓದಿದೆ. ಒಂದು ಪ್ರಶ್ನೆ. ನಮ್ಮ ಅಕ್ಕನ ಮಗ, ಇಪ್ಪತ್ತೆರಡು ವರ್ಷ, ಪರೀಕ್ಷೆ ಫೇಲಾದಾಗಿನಿಂದ ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ಮಲಗಿರುತ್ತಾನೆ. 800, 1,500 ಕೊಡುವ ಶಕ್ತಿ ಅವರಿಗಿಲ್ಲ. ವಿಮೆಯಲ್ಲಿ ಆಗುತ್ತದೆಯೇ?

ಸಾಲಗಾಮೆ ರಸ್ತೆ ಬರೆದದ್ದು:

ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಕೊಡುತ್ತವೆ, ಹೋಗಿ ಬರುವ ಭೇಟಿಯ ಶುಲ್ಕ ನಮ್ಮ ಕೈಯಿಂದಲೇ. ಅದನ್ನು ಕಾಯುತ್ತಾ ಕೂರಬೇಡಿ ಅಣ್ಣ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿ. ಇವತ್ತೇ ಮಾಡಬಹುದಾದದ್ದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಹುಡುಗ ಮಾತನಾಡಲು ಒಪ್ಪದಿದ್ದರೆ ಅವನ ತಾಯಿಯೇ ಕರೆ ಮಾಡಿ ಹೇಗೆ ನಡೆದುಕೊಳ್ಳಬೇಕೆಂದು ಕೇಳಬಹುದು.

ಸಾಯುವ ಮಾತು ಏನಾದರೂ ಆಡಿದ್ದಾನೆಯೇ? ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೇರೆ ಕಡೆ ಇಟ್ಟು ಬೀಗ ಹಾಕಿಸಿ.

ಆಲೂರಿನವ ಬರೆದದ್ದು:

ಅಕ್ಕನಿಗೆ ಈಗಲೇ ಫೋನ್ ಮಾಡಿದೆ. ಔಷಧಿ ದನದ ಕೊಟ್ಟಿಗೆಯ ಅಟ್ಟದಲ್ಲಿದೆಯಂತೆ, ನಾನೇ ಹೋಗಿ ನಮ್ಮ ಮನೆಗೆ ತರುತ್ತೇನೆ. ಹಾಸನದ ಆಸ್ಪತ್ರೆಯಲ್ಲಿ ಚೀಟಿ ಎಷ್ಟು ಗಂಟೆಯಿಂದ ಕೊಡುತ್ತಾರೆ, ಯಾರಿಗಾದರೂ ಗೊತ್ತೇ?